ಒಂದೇ ಅಂತಸ್ತಿನ ಮನೆ: ತಾರಸಿಯಲ್ಲಿ ತಲೆಗೆಷ್ಟು ಪಾಲು?

ಸುಬ್ರಹ್ಮಣ್ಯಪುರದ ಅಡ್ಡರಸ್ತೆಗಳಲ್ಲಿ ಬಾಡಿಗೆ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಒಂದೇ ಅಂತಸ್ತಿನ ಮನೆ ಕಾಣುತ್ತೆ. ಎಷ್ಟೋ ಮನೆಗಳ ತಾರಸಿ ಮೇಲೆ ಕಾಲಂ ಕಂಬಿಗಳು ಚಾಚಿಕೊಂಡಿರುತ್ತವೆ, "ಮುಂದೆ ಮೇಲೆ ಕಟ್ಟೋಣ" ಅಂತ ಬಿಟ್ಟದ್ದು. ಕಟ್ಟಬೇಕಾ ಬೇಡವಾ ಅನ್ನೋ ಮಾತು ಬಂದಾಗ ಮನೆಯವರು ಬಾಡಿಗೆ ಲೆಕ್ಕ ಹಾಕ್ತಾರೆ. ತಪ್ಪಲ್ಲ, ನಮ್ಮಲ್ಲಿ ಕೆಲವರ ಫೀಸು ಕಟ್ಟಿದ್ದೇ ಆ ದುಡ್ಡಿಂದ. ಆದರೂ ನಾವು ಇನ್ನೊಂದು ಲೆಕ್ಕ ಹಾಕಿ ನೋಡೋಣ.

30×40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟು ತಾರಸಿ 70 ಚದರ ಮೀಟರ್ ಅಂದುಕೊಳ್ಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆ ಸುಮಾರು 950 ಮಿಲಿಮೀಟರ್. ಆವಿಯಾಗಿ, ಸೋರಿ ಹೋಗಿದ್ದು ಕಳೆದು 80% ಸಿಕ್ಕರೂ 53,000 ಲೀಟರ್! ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ ಇದು 78 ದಿನಕ್ಕೆ ಸಾಕು. ಅದೇ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ ಹದಿನೈದು ಜನ ಇದ್ದರೆ? ತಾರಸಿ ಅಷ್ಟೇ, ಮಳೆಯೂ ಅಷ್ಟೇ. 26 ದಿನ. ಒಂದೇ ಅಂತಸ್ತಿನ ಮನೆಯ ದೊಡ್ಡ ಲಾಭ ಇದೇ ಅನ್ನೋದು ನಮ್ಮ ಅಭಿಪ್ರಾಯ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇಷ್ಟೂ ನೀರು ಸಂಪಿನಲ್ಲಿ ಹಿಡಿಯಲ್ಲ ನಿಜ. ಮಳೆ ಹೆಚ್ಚಾಗಿ ಬರೋದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆ ತಿಂಗಳುಗಳಲ್ಲಿ ಸಂಪು ತುಂಬುತ್ತೆ, ಬಳಸ್ತೀವಿ, ಮತ್ತೆ ತುಂಬುತ್ತೆ. ಮಿಕ್ಕಿದ್ದನ್ನ ಇಂಗುಗುಂಡಿಗೆ ಬಿಡಬೇಕು.

ಇನ್ನು ಮೆಟ್ಟಿಲು. ಹತ್ತಡಿ ಎತ್ತರಕ್ಕೆ ಏಳಿಂಚಿನ ಮೆಟ್ಟಿಲಾದರೆ ಹದಿನೇಳು ಬೇಕು. ನಮಗೆ ಅದು ಲೆಕ್ಕಕ್ಕೇ ಇಲ್ಲ, ಮಂಡಿ ನೋವಿರೋ ಅಜ್ಜಿಗೆ ಅದೇ ಬೆಟ್ಟ. ಡ್ಯೂಪ್ಲೆಕ್ಸ್ ಮನೆಯಲ್ಲಿ ಅಜ್ಜಿ ಕೆಳಗೆ ಒಬ್ಬರೇ ಉಳೀತಾರೆ, ಮೊಮ್ಮಕ್ಕಳು ಮೇಲೆ ಬಾಗಿಲು ಹಾಕ್ಕೊಂಡಿರ್ತಾರೆ. ಒಂದೇ ನೆಲದ ಮನೆಯಲ್ಲಿ ರಾತ್ರಿ ಅವರು ಕೆಮ್ಮಿದರೂ ಪಕ್ಕದ ಕೋಣೆಗೆ ಕೇಳುತ್ತೆ. ಒಳಗಿನ ಮೆಟ್ಟಿಲು ತಿನ್ನೋ ಅರವತ್ತು ಎಪ್ಪತ್ತು ಚದರಡಿಯಲ್ಲಿ ಒಂದು ಪುಟ್ಟ ದೇವರಕೋಣೆ, ಒಂದು ಸ್ಟೋರು ಎರಡೂ ಆಗುತ್ತೆ.

ಬಿಸಿಲಿನ ಕಾಟ ಮಾತ್ರ ಇದೆ. ಎಲ್ಲ ಕೋಣೆಗಳೂ ತಾರಸಿಯ ಕೆಳಗೇ ಇರೋದರಿಂದ ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ಸಂಜೆಗೆ ಒಳಗೆ ಕಾವು ಬಿಡುತ್ತೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ವಾಪಸ್ ಹೋಗುತ್ತೆ, ಖರ್ಚೂ ಕಡಿಮೆ. ಮಳೆಗೆ ತೊಳೆದುಹೋಗುತ್ತೆ ಅಂತ ಮೇಸ್ತ್ರಿ ಹೇಳಿದರೆ ಅದೂ ನಿಜವೇ, ಪ್ರತಿ ಬೇಸಿಗೆಗೂ ಬಳೀಬೇಕು.

ಮೇಲೆ ಕಟ್ಟೋದು ಬೇಡ ಅಂತ ತೀರ್ಮಾನ ಆದರೆ ಆ ಕಂಬಿಗಳನ್ನ ಹಾಗೇ ಬಿಡಬೇಡಿ. ತುಕ್ಕು ಕಂಬಿಯ ಜೊತೆಗೇ ಕಾಲಂ ಒಳಗೆ ಇಳಿಯುತ್ತೆ, ಉಬ್ಬಿ ಕಾಂಕ್ರೀಟನ್ನ ಸೀಳುತ್ತೆ. ಕತ್ತರಿಸಿ, ತುದಿಯನ್ನ ಸಿಮೆಂಟ್ ಗಾರೆಯಲ್ಲಿ ಚೆನ್ನಾಗಿ ಮುಚ್ಚಿಸಿ. ಮುಂದಿನ ಮಳೆಗಾಲ ಶುರುವಾಗೋ ಮೊದಲೇ.