ಜಾನುವಾರುಗಳ ದೇಹದಲ್ಲಿ ಕಾರ್ಬಮೇಟ್ ಕೀಟನಾಶಕ: ವಿಘಟನೆ, ವಿಸರ್ಜನೆ ಹಾಗೂ ಪಂಚಾಯತಿಯ ಹೊಣೆ



ಭದ್ರಾ ನಾಲೆಯ ನೀರಿನಲ್ಲಿ ಭತ್ತ, ಅಡಿಕೆ ಬೆಳೆಯುವ ಬಸವಾಪಟ್ಟಣ ಭಾಗದಲ್ಲಿ ಗದ್ದೆಯ ಬದುವೇ ದನಕರುಗಳ ಮೇವಿನ ತಾಣ. ಗದ್ದೆಗೆ ಎರಚುವ ಹರಳು ರೂಪದ ಕೀಟನಾಶಕ ಅದೇ ಬದುವಿನ ಮೇಲೆ ಚೆಲ್ಲುವುದುಂಟು. ಈ ಹರಳುಗಳಲ್ಲಿ ಕಾರ್ಬೊಫ್ಯೂರಾನ್ ಪ್ರಮುಖವಾದುದು; ಇದು ಕಾರ್ಬಮೇಟ್ ವರ್ಗಕ್ಕೆ ಸೇರಿದೆ.

ವಿಷವು ವರ್ತಿಸುವ ಬಗೆ: ನರಗಳು ಸಂದೇಶ ರವಾನಿಸಿದ ನಂತರ ಆ ಸಂದೇಶವನ್ನು ನಿಲ್ಲಿಸುವ ಕಿಣ್ವವೊಂದು ದೇಹದಲ್ಲಿದೆ. ಕಾರ್ಬಮೇಟ್ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಪರಿಣಾಮವಾಗಿ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ಭೇದಿ, ಸ್ನಾಯುಗಳ ನಡುಕ ಹಾಗೂ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಆರ್ಗನೋಫಾಸ್ಫೇಟ್ ವಿಷವೂ ಇದೇ ಕಿಣ್ವವನ್ನು ತಡೆಯುತ್ತದೆ. ಆದರೆ ಅದರ ಹಿಡಿತ ದೀರ್ಘಕಾಲದ್ದು. ಕಾರ್ಬಮೇಟಿನ ಹಿಡಿತ ಕೆಲವು ಗಂಟೆಗಳಲ್ಲಿ ತಾನಾಗಿ ಸಡಿಲಗೊಳ್ಳುತ್ತದೆ.

ವಿಘಟನೆ ಮತ್ತು ವಿಸರ್ಜನೆ: ಕರುಳು, ಚರ್ಮ ಅಥವಾ ಉಸಿರಿನ ಮೂಲಕ ಸೇರಿದ ವಿಷವನ್ನು ಮುಖ್ಯವಾಗಿ ಯಕೃತ್ತು ಎರಡು ಹಂತಗಳಲ್ಲಿ ನಿಭಾಯಿಸುತ್ತದೆ. ಮೊದಲ ಹಂತದಲ್ಲಿ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸುತ್ತವೆ ಅಥವಾ ಅದರ ಬಂಧವನ್ನು ಒಡೆಯುತ್ತವೆ. ಆಮ್ಲಜನಕ ಸೇರಿದಾಗ ಉಂಟಾಗುವ ಕೆಲವು ವಸ್ತುಗಳು ಇನ್ನೂ ವಿಷಕಾರಿಯೇ ಆಗಿರುತ್ತವೆ. ಎರಡನೆಯ ಹಂತದಲ್ಲಿ ಇವು ಗ್ಲುಕುರಾನಿಕ್ ಆಮ್ಲ ಅಥವಾ ಸಲ್ಫೇಟಿನೊಡನೆ ಬೆಸೆದು, ನೀರಿನಲ್ಲಿ ಕರಗುವ ರೂಪ ತಾಳಿ, ಬಹುಪಾಲು ಮೂತ್ರದ ಮೂಲಕ ಹೊರಹೋಗುತ್ತವೆ. ಅಲ್ಪಾಂಶ ಸಗಣಿಯಲ್ಲಿಯೂ ಹಾಲಿನಲ್ಲಿಯೂ ಸೇರುತ್ತದೆ. ಡಿ.ಡಿ.ಟಿ.ಯಂತೆ ಇವು ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ.

ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ವಿಘಟನೆಯ ವೇಗಕ್ಕೆ ಮಿತಿಯಿದೆ. ಒಮ್ಮೆಲೇ ಹೆಚ್ಚು ವಿಷ ಸೇರಿದರೆ ಯಕೃತ್ತು ಕೆಲಸ ಮುಗಿಸುವ ಮೊದಲೇ ಉಸಿರು ನಿಲ್ಲುತ್ತದೆ. ಹಕ್ಕಿಗಳಲ್ಲಿ ಇಂತಹ ವಿಷವನ್ನು ಒಡೆಯುವ ಕಿಣ್ವಗಳು ಕಡಿಮೆ. ಕಾರ್ಬೊಫ್ಯೂರಾನಿನ ಒಂದೇ ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು.

ಕಳೇಬರದ ಅಪಾಯ: ಪ್ರಾಣಿ ಸತ್ತೊಡನೆ ಯಕೃತ್ತಿನ ಕೆಲಸವೂ ನಿಲ್ಲುತ್ತದೆ. ಹೊಟ್ಟೆಯಲ್ಲಿ ಉಳಿದ ವಿಷ ಹಾಗೆಯೇ ಇದ್ದು, ಅದನ್ನು ತಿಂದ ನಾಯಿ, ಕಾಗೆ, ಕಾಡುಪ್ರಾಣಿಗಳಿಗೆ ದಾಟುತ್ತದೆ. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ತಾಯಿ ಹುಲಿ ಹಾಗೂ ನಾಲ್ಕು ಮರಿಗಳು ಸತ್ತ ಘಟನೆ ಕಳೇಬರದ ವಿಷ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ನಿದರ್ಶನ.

ಕಾನೂನಿನ ಸ್ಥಿತಿ: ಕಾರ್ಬರಿಲ್ 2018ರಲ್ಲಿಯೂ ಮೆಥೊಮಿಲ್ 2023ರಲ್ಲಿಯೂ ಕೇಂದ್ರ ಸರ್ಕಾರದ ಆದೇಶದಿಂದ ನಿಷೇಧಗೊಂಡಿವೆ. 2023ರ ಆದೇಶದಂತೆ ಕಾರ್ಬೊಫ್ಯೂರಾನಿನ ಶೇ. 3ರ ಹೊದಿಕೆಯುಳ್ಳ ಹರಳು ರೂಪವನ್ನು ಮಾತ್ರ, ಲೇಬಲ್ಲಿನಲ್ಲಿ ನಮೂದಿಸಿದ ಬೆಳೆಗಳಿಗಷ್ಟೇ ಬಳಸಬಹುದು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ವಿಷ ಸೇವನೆಯ ಲಕ್ಷಣ ಕಂಡೊಡನೆ 1962 ಸಹಾಯವಾಣಿಗೆ ಕರೆ ಮಾಡಿಸುವುದು. ಸಕಾಲದಲ್ಲಿ ಪಶುವೈದ್ಯರು ನೀಡುವ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಕೀಟನಾಶಕದ ಪೊಟ್ಟಣವನ್ನು ವೈದ್ಯರಿಗೆ ತೋರಿಸತಕ್ಕದ್ದು.
2. ನಡುಗುತ್ತಿರುವ ದನಕ್ಕೆ ಎಣ್ಣೆ, ಮಜ್ಜಿಗೆ ಕುಡಿಸದಂತೆ ತಿಳಿಹೇಳುವುದು. ಅದು ಶ್ವಾಸಕೋಶಕ್ಕೆ ಇಳಿಯುವ ಸಂಭವವಿದೆ.
3. ಚೇತರಿಸಿಕೊಂಡ ಹಸುವಿನ ಹಾಲನ್ನು ಪಶುವೈದ್ಯರು ಒಪ್ಪುವವರೆಗೆ ಮನೆಗೂ ಡೇರಿಗೂ ಬಳಸದಿರುವುದು.
4. ಕಳೇಬರವನ್ನು ನಾಲೆ, ಹಳ್ಳಕ್ಕೆ ಎಸೆಯದೆ, ಪಶುವೈದ್ಯರ ಪರೀಕ್ಷೆಯ ನಂತರ ನೀರಿನ ಮೂಲದಿಂದ ದೂರ ಆಳವಾಗಿ ಹೂಳಿಸುವುದು.
5. ಹರಳು ಹಾಕಿದ ಗದ್ದೆಯಲ್ಲಿ ದನ ಮೇಯಿಸದಂತೆ ಹಾಗೂ ಆ ಗದ್ದೆಯ ನೀರು ಕುಡಿಸದಂತೆ ಗ್ರಾಮಸಭೆಯಲ್ಲಿ ತಿಳಿಸುವುದು.

ಬಡ ಕುಟುಂಬಕ್ಕೆ ಒಂದು ಹಸುವೇ ವರ್ಷದ ಆದಾಯ. ದೇಹವೇ ವಿಷವನ್ನು ಕರಗಿಸೀತೆಂದು ಕಾಯುತ್ತ ಕಳೆದ ಗಂಟೆ ಮರಳಿ ಬಾರದು. ಆದ್ದರಿಂದ ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸಲು ಕೋರಲಾಗಿದೆ.