ತೆಗೆಯುವ ದಿನದ ಲೆಕ್ಕ

ಫೆಲೋಶಿಪ್‌ಗೆಂದು ಸಿಯೋಲ್‌ಗೆ ಹೊರಟಿದ್ದೀಯ ಅಂತ ನಿನ್ನಮ್ಮ ಫೋನ್ ಮಾಡಿ ಹೇಳಿದಾಗ ಖುಷಿಯ ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು ಕಣಮ್ಮ. ನಾವು ಮೂಗಿನ ಆಪರೇಷನ್ ಕಲಿತದ್ದು ಯುರೋಪು, ಅಮೆರಿಕದ ಪುಸ್ತಕಗಳಿಂದ. ಅವುಗಳಲ್ಲಿದ್ದ ಮೂಗುಗಳೆಲ್ಲ ಉದ್ದ, ನಡುವೆ ಡುಬ್ಬ. ವೈದ್ಯನ ಕೆಲಸವೆಂದರೆ ಉಜ್ಜುವುದು, ಕಡಿಮೆ ಮಾಡುವುದು. ನೀನು ಹೋಗುತ್ತಿರುವ ಊರಿನಲ್ಲಿ ಲೆಕ್ಕ ತಿರುಗುಮುರುಗು. ಮೂಗಿನ ಬೆನ್ನು ತಗ್ಗು, ತುದಿಯ ಮೃದ್ವಸ್ಥಿ ಸಣ್ಣದು, ಮೆತ್ತನೆಯದು, ಮೇಲಿನ ಚರ್ಮ ಮಾತ್ರ ದಪ್ಪ. ಅಲ್ಲಿ ಕಳೆಯುವ ಮಾತಿಲ್ಲ, ಕೂಡಿಸಬೇಕು. ಕೂಡಿಸುವುದಕ್ಕೆ ಏನು ತರುತ್ತೀಯ, ಎಲ್ಲಿಂದ ತರುತ್ತೀಯ? ಒಂದು ವರ್ಷ ನೀನು ಅಲ್ಲಿ ಕಲಿಯುವುದರ ಮುಕ್ಕಾಲು ಪಾಲು ಇದೇ.

ಏನೇನು ತುರುಕಿಲ್ಲ ಹೇಳು ನಮ್ಮ ಕಸುಬಿನವರು! 1892ರಲ್ಲಿ ನ್ಯೂಯಾರ್ಕಿನ ರಾಬರ್ಟ್ ವಿಯರ್ ಕುಸಿದ ಮೂಗಿಗೆ ಬಾತುಕೋಳಿಯ ಎದೆಮೂಳೆ ಇಟ್ಟು ನೋಡಿದ. ಬರ್ಲಿನ್ನಿನ ಜಾಕ್ ಜೋಸೆಫ್ ಆನೆದಂತ ಇಟ್ಟ. ಅದೇ ಕಾಲದಲ್ಲಿ ಪ್ಯಾರಾಫಿನ್ ಮೇಣವನ್ನು ಕರಗಿಸಿ ಸೂಜಿಯಿಂದ ಚುಚ್ಚುವ ಹುಚ್ಚೂ ಹಬ್ಬಿತು. ಮೇಣ ಜಾರಿತು, ಗಂಟು ಕಟ್ಟಿತು, ತೆಗೆಯಲು ಹೋದರೆ ಸುತ್ತಲ ಮಾಂಸವೂ ಜೊತೆಗೆ ಬಂತು. ಹಾಕುವಾಗ ಇಷ್ಟು ಸುಲಭವಾದದ್ದು ಇನ್ನೊಂದಿರಲಿಲ್ಲ.

ನಿನಗೆ ಹೇಳಬೇಕೆಂದಿರುವ ಒಂದೇ ಮಾತು ಅಲ್ಲೇ ಇದೆ. ಯಾವುದೇ ವಸ್ತುವನ್ನು ಕೈಗೆತ್ತಿಕೊಂಡಾಗ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಆಮೇಲೆ ಕೇಳು. ಮೊದಲು ಕೇಳಬೇಕಾದ್ದು, ಇದನ್ನು ತೆಗೆಯುವ ದಿನ ಬಂದರೆ ಏನು ಗತಿ ಅಂತ.

ಇದನ್ನು ನನಗೆ ಕಲಿಸಿದವನು ಬೈಲಕುಪ್ಪೆಯಿಂದ ಬಂದಿದ್ದ ಒಬ್ಬ ಟಿಬೆಟನ್ ಹುಡುಗ. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುತ್ತಿದ್ದ. ನಮ್ಮ ಕನ್ನಡವನ್ನು ನಮಗಿಂತ ಚುರುಕಾಗಿ ಆಡುತ್ತಿದ್ದ. ಹಿಂದಿ ಸಿನಿಮಾ ನಟನ ಹಾಗೆ ಎದ್ದ ಮೂಗು ಬೇಕು ಅಂದ. ನಾನೂ ಆಗ ಬಿಸಿರಕ್ತದವನು. ಇಂಗ್ಲಿಷಿನ ಎಲ್ ಅಕ್ಷರದಂಥ ಸಿಲಿಕೋನ್ ಇಂಪ್ಲಾಂಟ್ ಒಂದನ್ನು ಕೆತ್ತಿ ಕೂರಿಸಿದೆ. ಉದ್ದ ಕಾಲು ಮೂಗಿನ ಬೆನ್ನ ಮೇಲೆ, ಗಿಡ್ಡ ಕಾಲು ತುದಿಯಿಂದ ಕೆಳಕ್ಕೆ. ಒಂದೇ ತುಂಡಿನಲ್ಲಿ ಬೆನ್ನೂ ಎದ್ದಿತು, ತುದಿಯೂ ಎದ್ದಿತು. ಹುಡುಗ ಕನ್ನಡಿ ನೋಡಿ ನಕ್ಕ, ನಾನು ಫೋಟೋ ತೆಗೆದು ಕಾನ್ಫರೆನ್ಸಿನಲ್ಲಿ ತೋರಿಸಿ ಮೆರೆದೆ.

11 ವರ್ಷದ ಮೇಲೆ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಬಂದ. ತುದಿಯ ಚರ್ಮ ಕೆಂಪಗಾಗಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದರಡಿ ಬೆಳ್ಳಗೆ ಏನೋ ಇಣುಕುತ್ತಿತ್ತು. ನೋವಿಲ್ಲ ಡಾಕ್ಟ್ರೇ, ಆದರೆ ಗಿರಾಕಿಗಳು ಮುಖ ನೋಡುವುದಿಲ್ಲ, ಮೂಗು ನೋಡುತ್ತಾರೆ ಅಂದ. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಅರ್ಥ ಅವತ್ತು ಗೊತ್ತಾಯಿತು. ತುದಿ ಎನ್ನುವುದು ನಕ್ಕರೆ, ಸೀನಿದರೆ, ಮಗ್ಗುಲಾದರೆ ಅಲುಗುವ ಜಾಗ. ಗಟ್ಟಿ ವಸ್ತುವೊಂದು ಒಳಗಿನಿಂದ ಹಗಲೂ ರಾತ್ರಿ ಒತ್ತುತ್ತಿದ್ದರೆ ಚರ್ಮ ಎಷ್ಟು ವರ್ಷ ತಡೆದೀತು?

ಆದರೂ ಒಂದು ಪುಣ್ಯ. ಸಿಲಿಕೋನಿಗೆ ದೇಹ ಅಂಟಿಕೊಳ್ಳುವುದಿಲ್ಲ, ಸುತ್ತ ಒಂದು ಚೀಲ ಕಟ್ಟಿ ಬೇರೆಯಾಗಿಯೇ ಇಟ್ಟಿರುತ್ತದೆ. ಮೂಗಿನ ಒಳಗಿಂದ ಸಣ್ಣದಾಗಿ ಕೊಯ್ದು ಎಳೆದೆ, ಹುಣಸೆಬೀಜ ಜಾರಿದ ಹಾಗೆ ಬಂದುಬಿಟ್ಟಿತು. ಪೂರ್ವ ಏಷ್ಯಾದಲ್ಲಿ ಇಷ್ಟು ದಶಕವಾದರೂ ಸಿಲಿಕೋನ್ ಉಳಿದುಕೊಂಡಿರುವುದಕ್ಕೆ ಅಗ್ಗ ಅನ್ನುವುದೊಂದೇ ಕಾರಣವಲ್ಲ, ಈ ಗುಣವೂ ಕಾರಣ. ಆದರೆ ಆ ಚೀಲವೇ ಕೆಲವರಲ್ಲಿ ವರ್ಷ ಕಳೆದಂತೆ ಬಿಗಿದುಕೊಳ್ಳುತ್ತದೆ. ಮೂಗು ಗಿಡ್ಡವಾಗಿ ಮೇಲಕ್ಕೆ ಸೆಳೆದು ಹೊಳ್ಳೆಗಳು ಎದುರಿಗೆ ಕಾಣುತ್ತವೆ. ಅಂಥ ಮೂಗನ್ನು ಮತ್ತೆ ಉದ್ದ ಮಾಡುವುದು ಈ ವಿದ್ಯೆಯಲ್ಲೇ ಕಷ್ಟದ ಕೆಲಸ. ಅಲ್ಲಿ ಬೇಕಾದಷ್ಟು ನೋಡುತ್ತೀಯ.

ಗೋರ್‌-ಟೆಕ್ಸ್ ಕಥೆ ಬೇರೆ. 1969ರಲ್ಲಿ ಬಾಬ್ ಗೋರ್ ಅನ್ನುವವನು ಕಾಯಿಸಿದ ಟೆಫ್ಲಾನ್ ಕೋಲನ್ನು ಮೆಲ್ಲಗೆ ಎಳೆದೂ ಎಳೆದೂ ಬೇಸತ್ತು ರಪ್ಪನೆ ಜಗ್ಗಿದಾಗ ಹುಟ್ಟಿದ ವಸ್ತು ಅದು. ರೇನ್‌ಕೋಟಿಗೂ ಅದೇ, ರಕ್ತನಾಳಕ್ಕೂ ಅದೇ, ಮೂಗಿಗೂ ಅದೇ. ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಅವುಗಳೊಳಗೆ ದೇಹದ ಎಳೆಗಳು ಸ್ವಲ್ಪ ಇಳಿದು ಹಿಡಿದುಕೊಳ್ಳುತ್ತವೆ, ಹಾಗಾಗಿ ಸಿಲಿಕೋನಿನಂತೆ ಜಾರುವುದಿಲ್ಲ, ಮೇಲಿನಿಂದ ಮುಟ್ಟಿದರೂ ಮೆತ್ತಗೆ. ಆದರೆ ಕೀವು ತುಂಬಿಕೊಂಡ ದಿನ ಅದೇ ಎಳೆಗಳು ನಿನ್ನ ಕೈಗೆ ತೊಡಕು. ರಂಧ್ರಗಳು ಇನ್ನೂ ದೊಡ್ಡದಾಗಿರುವ ಮೆಡ್‌ಪೋರ್ ಅನ್ನುವ ಇಂಪ್ಲಾಂಟ್ ಇನ್ನೂ ಹಟಮಾರಿ. ಅದು ಮೂಗಿನೊಳಗೆ ಸಂಸಾರವನ್ನೇ ಹೂಡಿಬಿಡುತ್ತದೆ. ಅದನ್ನು ತೆಗೆಯುವ ಆಪರೇಷನ್ನಿಗೆ ನಾನೊಮ್ಮೆ ಸಹಾಯಕನಾಗಿ ನಿಂತಿದ್ದೆ, ಮತ್ತೆ ನಿಲ್ಲುವ ಆಸೆಯಿಲ್ಲ.

ಹಾಗಾದರೆ ಸ್ವಂತ ಮೃದ್ವಸ್ಥಿಯೇ ಸೈ ಅನ್ನುತ್ತೀಯ. ಸೈ, ಆದರೆ ಅದೂ ಬಿಟ್ಟಿ ಅಲ್ಲ. ಮೂಗಿನ ನಡುಗೋಡೆಯಿಂದ ಸಿಗುವುದು ನೆಟ್ಟಗಿರುತ್ತದೆ, ಗಟ್ಟಿ ಇರುತ್ತದೆ, ಬೇರೆ ಕಡೆ ಕೊಯ್ಯುವ ರಗಳೆ ಇಲ್ಲ. ಕಷ್ಟವೆಂದರೆ ಅಲ್ಲಿನವರ ನಡುಗೋಡೆಯೇ ಚಿಕ್ಕದು. ಮೇಲೂ ಮುಂದೂ ಕನಿಷ್ಠ 1 ಸೆಂಟಿಮೀಟರ್ ಅಗಲದ ಪಟ್ಟಿ ಬಿಟ್ಟು ಉಳಿದದ್ದನ್ನಷ್ಟೇ ತೆಗೆಯಬೇಕು. ಆಸೆಬುರುಕತನಕ್ಕೆ ಬಿದ್ದೆಯೋ, ಕಂಬ ಕಿತ್ತು ಮಾಡು ಹೊದಿಸಿದ ಹಾಗೆ, ಮೂಗೇ ಕುಸಿದು ಕೂರುತ್ತದೆ. ಕಿವಿಯ ಬಟ್ಟಲಿನ ಮೃದ್ವಸ್ಥಿ ಬಾಗಿದ್ದು, ಮೆತ್ತನೆಯದು. ಬೆನ್ನಿಗೆ ಆಗಿಬರುವುದಿಲ್ಲ, ತುದಿಗೆ ಮಾತ್ರ ಹೇಳಿ ಮಾಡಿಸಿದ್ದು. (ಮೂಗಿಗೆ ಬೇಕಾದ್ದನ್ನು ಕಿವಿ ಕೊಡುತ್ತದೆ. ನಾನು ನಿನಗೆ ಕಿವಿಮಾತು ಹೇಳುತ್ತಿರುವುದಕ್ಕೂ ಇಷ್ಟಾದರೂ ಆಧಾರ ಇರಲಿ.)

ಪಕ್ಕೆಲುಬಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಎದೆಯ ಮೇಲೆ ಕಲೆ, ಕೆಲದಿನ ಉಸಿರೆಳೆದರೆ ನೋವು, ಕೈ ತಪ್ಪಿದರೆ ಶ್ವಾಸಕೋಶದ ಪೊರೆಗೆ ತೂತು. ಇದೆಲ್ಲಕ್ಕಿಂತ ಕಾಡುವುದು ಅದರ ಸೊಟ್ಟಬುದ್ಧಿ. ಹಸಿ ಹಲಗೆಯನ್ನು ಬಿಸಿಲಿಗಿಟ್ಟರೆ ಬಾಗುವ ಹಾಗೆ, ಕೆತ್ತಿದ ಪಕ್ಕೆಲುಬೂ ಬಾಗುತ್ತದೆ. ಹೊರಮೈಯ ಬಿಗಿತ ಎರಡೂ ಕಡೆ ಸಮನಾಗಿರುವಂತೆ ನಟ್ಟನಡುವಿನಿಂದ ಕೆತ್ತಬೇಕು ಎಂದು ಗಿಬ್ಸನ್ ಮತ್ತು ಡೇವಿಸ್ 1958ರಲ್ಲೇ ತೋರಿಸಿಕೊಟ್ಟರು. ಕೆತ್ತಿದ ಮೇಲೆ ಸಲೈನಿನಲ್ಲಿ ಅರ್ಧ ಗಂಟೆ ಬಿಡು. ಬಾಗುವುದಿದ್ದರೆ ಬೋಗುಣಿಯಲ್ಲೇ ಬಾಗಲಿ, ಮೂಗಿನಲ್ಲಿ ಬೇಡ. ಸಣ್ಣಗೆ ಹೆಚ್ಚಿ ಚೀಲದಲ್ಲಿ ತುಂಬಿಡುವ ಉಪಾಯವೂ ಇದೆ. 2000ದಲ್ಲಿ ತುರ್ಕಿಯ ಎರೋಲ್ ಅದನ್ನು ಸರ್ಜಿಸೆಲ್ ಎಂಬ ಬಟ್ಟೆಯಲ್ಲಿ ಸುತ್ತಿ ಅದಕ್ಕೆ ತನ್ನ ಊರಿನ ಮಿಠಾಯಿಯ ಹೆಸರನ್ನೇ ಇಟ್ಟ, ಟರ್ಕಿಷ್ ಡಿಲೈಟ್ ಅಂತ. ಆಮೇಲೆ ಬಂದವರು ಬಟ್ಟೆಯ ಬದಲು ಕಪಾಲದ ಸ್ನಾಯುವಿನ ಮೇಲಿನ ತೆಳುಪೊರೆ ಬಳಸತೊಡಗಿದರು. ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಅದು.

ದಾನಿಗಳ ಪಕ್ಕೆಲುಬನ್ನು ವಿಕಿರಣದಿಂದ ಶುದ್ಧಿ ಮಾಡಿ ಮಾರುತ್ತಾರಲ್ಲ, ಅದು ಕರಗಬಹುದು. ಎಷ್ಟು, ಯಾವಾಗ ಎಂದು ಮೊದಲೇ ಹೇಳಲಾಗದು. ಬೇರೆ ದಾರಿಯೇ ಇಲ್ಲದಾಗ ನೋಡಿಕೋ.

ಅಲ್ಲಿ ಬಹಳ ಕಡೆ ನಡೆಯುವ ರಾಜಿ ಸೂತ್ರ, ಬೆನ್ನಿಗೆ ಇಂಪ್ಲಾಂಟ್, ತುದಿಗೆ ಸ್ವಂತ ಮೃದ್ವಸ್ಥಿ. ನನಗೂ ಒಪ್ಪಿಗೆ. ತುದಿಗೆ ಪರವಸ್ತು ಬೇಡ ಅನ್ನುವುದರಲ್ಲಿ ಮಾತ್ರ ನಾನು ಜಗ್ಗುವುದಿಲ್ಲ. ಚರ್ಮ ತೆಳ್ಳಗಿದ್ದರೆ, ಆ ಮೂಗಿಗೆ ಈಗಾಗಲೇ ಎರಡು ಮೂರು ಸಲ ಕತ್ತಿ ಬಿದ್ದಿದ್ದರೆ, ಒಮ್ಮೆ ಕೀವಾಗಿದ್ದರೆ, ಬೆನ್ನಿಗೂ ಬೇಡ.

ಆಪರೇಷನ್ನೇ ಬೇಡ, ಹತ್ತು ನಿಮಿಷದ ಫಿಲ್ಲರ್ ಸಾಕು ಎಂದು ಬರುವವರು ಇದ್ದೇ ಇರುತ್ತಾರೆ. ಮೂಗಿನ ಬೆನ್ನ ಮೇಲಿನ ರಕ್ತನಾಳಕ್ಕೂ ಕಣ್ಣಿನ ರಕ್ತನಾಳಕ್ಕೂ ನಂಟಿದೆ. ಸೂಜಿ ನಾಳದೊಳಗೆ ಹೊಕ್ಕರೆ ಚರ್ಮ ಕೊಳೆಯಬಹುದು, ದೃಷ್ಟಿಯೇ ಹೋಗಬಹುದು. ಹತ್ತು ನಿಮಿಷದ ಕೆಲಸಕ್ಕೆ ಈ ಮಾತನ್ನು ಹೇಳಲು ಐದು ನಿಮಿಷ ಹಿಡಿದರೂ ಹೇಳು.

ಸಿಯೋಲಿನ ಅಪ್ಗುಜಾಂಗ್ ಬೀದಿಯಲ್ಲಿ ಕಟ್ಟಡಕ್ಕೊಂದು ಮಹಡಿಗೊಂದು ಕ್ಲಿನಿಕ್ ನೋಡಿ ಕಣ್ಣು ಕೋರೈಸೀತು. ಅವರ ಕೈಚಳಕಕ್ಕೆ ತಲೆಬಾಗು, ಕಲಿ. ಆದರೆ ರೋಗಿಗೆ ಮಾತುಕೊಟ್ಟ ಡಾಕ್ಟರ್ ಒಬ್ಬ, ಅರಿವಳಿಕೆ ಹತ್ತಿದ ಮೇಲೆ ಕತ್ತಿ ಹಿಡಿದವನು ಇನ್ನೊಬ್ಬ ಅನ್ನುವ ‘ಭೂತ ವೈದ್ಯ’ರ ಹಾವಳಿಯೂ ಅದೇ ದೇಶದಲ್ಲಿ ನಡೆಯಿತು. ಕೊನೆಗೆ 2023ರ ಸೆಪ್ಟೆಂಬರಿನಿಂದ, ಎಚ್ಚರ ತಪ್ಪಿಸಿ ಮಾಡುವ ಆಪರೇಷನ್ ಕೋಣೆಗಳಲ್ಲಿ ಸಿಸಿಟಿವಿ ಇರಲೇಬೇಕು, ರೋಗಿ ಕೇಳಿದರೆ ರೆಕಾರ್ಡ್ ಮಾಡಲೇಬೇಕು ಎಂಬ ಕಾನೂನು ಬಂತು. ನಿನ್ನನ್ನು ಯಾರಾದರೂ ಹಾಗೆ ಬದಲಿಗೆ ನಿಲ್ಲು ಅಂದರೆ, ಗ್ಲೌಸ್ ಬಿಚ್ಚಿಟ್ಟು ಹೊರಗೆ ಬಾ.

ನಮ್ಮ ಮೈಸೂರಿಗೂ ಈ ವಿದ್ಯೆಗೂ ಇರುವ ನಂಟನ್ನು ಅಲ್ಲಿನವರಿಗೆ ಹೇಳು. 1792ರ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆ ಒಬ್ಬ ನಾಟಿ ವೈದ್ಯ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟೇ ಚರ್ಮ ಬಿಡಿಸಿ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿ ಇಂಗ್ಲೆಂಡಿನವರು ಕಲಿತರು. ಮೇಣ ಆ ವೈದ್ಯನ ಕೈಯಲ್ಲೂ ಇತ್ತು. ಆದರೆ ಅವನು ಅದನ್ನು ಅಳತೆಗೆ ಮಾತ್ರ ಬಳಸಿದ, ಒಳಗೆ ಬಿಡಲಿಲ್ಲ.

ಇನ್ನೊಂದು. ಹೊಲಿಗೆ ಬಿಚ್ಚುವ ದಿನ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡು. ಒಳಗೆ ಏನಿದೆ, ಎಷ್ಟು ಮಿಲಿಮೀಟರ್, ಯಾವ ತಾರೀಖು, ಎಲ್ಲಿಂದ ತೆಗೆದದ್ದು. ಇಪ್ಪತ್ತು ವರ್ಷದ ಮೇಲೆ ಆ ಮೂಗನ್ನು ಬಿಚ್ಚುವ ಡಾಕ್ಟರ್ ನೀನಾಗಿರುವುದಿಲ್ಲ.

ಹೊರಡುವ ಮುಂಚೆ ಒಂದು ಸಂಜೆ ಮನೆಗೆ ಬಾ. ಆ ಹುಡುಗನ ಮೂಗಿನಿಂದ ತೆಗೆದ ಸಿಲಿಕೋನ್ ತುಂಡನ್ನು ಅವನನ್ನು ಕೇಳಿಯೇ ಇಟ್ಟುಕೊಂಡಿದ್ದೇನೆ, ಮೇಜಿನ ಎಡಗಡೆಯ ಖಾನೆಯಲ್ಲಿ, ಸಣ್ಣ ಗಾಜಿನ ಬಾಟಲಿಯಲ್ಲಿ. ಮೇಲೆ ಅಂಟಿಸಿದ ಚೀಟಿಯಲ್ಲಿ ಎರಡು ತಾರೀಖು, ಎರಡೂ ನನ್ನದೇ ಕೈಬರಹ. ತೆಗೆದುಕೊಂಡು ಹೋಗು.