ಬೇಸಿಗೆಯ ಕೆರೆಯಲ್ಲಿ ಮೀನು ಹುಡುಕುವ ಬಗೆ



ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಎರೆ ನೆಲದಲ್ಲಿ ಯುಗಾದಿ ಕಳೆಯಿತೆಂದರೆ ಕೆರೆ ಕುಂಟೆಗಳ ನೀರು ದಿನದಿಂದ ದಿನಕ್ಕೆ ಇಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಬೇಸಿಗೆಯಲ್ಲಿ ನೀರು ನಿಂತಾಗ, ಕಾಲುವೆಯನ್ನೇ ನಂಬಿದ ಕೆರೆಗೆ ಹೊಸ ನೀರು ಬಾರದು. ಮಳೆಗಾಲದಲ್ಲಿ ಮರಿ ಬಿಟ್ಟು ಬೆಳೆಸಿದ ಮೀನು ಪೇಟೆಗೆ ಹೋಗುವ ಕಾಲವೂ ಇದೇ; ಒಂದೇ ರಾತ್ರಿಯಲ್ಲಿ ಸತ್ತು ತೇಲುವ ಕಾಲವೂ ಇದೇ. ಆದುದರಿಂದ ಮೀನು ಎಲ್ಲಿರುತ್ತದೆ, ಯಾವಾಗ ಹಿಡಿಯಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಮೀನಿಗೂ ಉಸಿರು ಬೇಕು

ಮೀನು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಿವಿರುಗಳಿಂದ ಹೀರುತ್ತದೆ. ನೀರು ಕಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಹಗಲು ಬಿಸಿಲಿನಲ್ಲಿ ಪಾಚಿಯು ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿಯು ಆಮ್ಲಜನಕವನ್ನು ತಾನೇ ಬಳಸುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನಲ್ಲಿ ಉಸಿರು ಅತಿ ಕಡಿಮೆ. ತಂಪು ಮತ್ತು ಉಸಿರು ಎರಡೂ ಎಲ್ಲಿಯೋ ಮೀನು ಅಲ್ಲಿ. ಈ ಒಂದು ಮಾತು ನೆನಪಿದ್ದರೆ ಉಳಿದುದು ತಾನಾಗಿ ತಿಳಿಯುತ್ತದೆ.

2. ಎಲ್ಲಿ ಹುಡುಕಬೇಕು?

ಬೆಳಗಿನ ಬಿಸಿಲು ಏರುವ ಮುನ್ನ ಮತ್ತು ಸಂಜೆ ಮೀನು ಮೇವಿಗಾಗಿ ದಡದ ಕಡೆ ಬರುವುದುಂಟು. ನಡುಹಗಲಲ್ಲಿ ಏರಿಯ ಬದಿಯ, ತೂಬಿನ ಹತ್ತಿರದ ಆಳಕ್ಕೆ ಸರಿಯುತ್ತದೆ. ಆದರೆ ತಳದಲ್ಲಿ ಕಸ ಕೊಳೆತಿದ್ದರೆ ಅಲ್ಲಿ ಉಸಿರು ಇರದು; ಆಗ ಮೀನು ನಡುನೀರಿನಲ್ಲಿ ನಿಲ್ಲುತ್ತದೆ. ಗಾಳಿ ತೆರೆಯನ್ನು ತಳ್ಳುವ ದಡವನ್ನೂ ನೋಡಿರಿ. ತೆರೆ ಒಡೆಯುವಲ್ಲಿ ನೀರಿಗೆ ಗಾಳಿ ಬೆರೆಯುತ್ತದೆ.

ಜಾತಿಯನ್ನೂ ಗಮನಿಸಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಕೊರವ, ಅಂದರೆ ಕುಚ್ಚು ಮೀನು, ಜೊಂಡಿನ ನೆರಳಿನಲ್ಲಿ ಅಡಗಿರುತ್ತದೆ. ಅದು ಆಗಾಗ ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗುವುದರಿಂದ ಅದರ ನೆಲೆ ಸುಲಭವಾಗಿ ಗೊತ್ತಾಗುತ್ತದೆ.

3. ಗಾಳ ಮತ್ತು ಬಲೆ

ಗೆಂಡೆ ಜಾತಿಗಳಿಗೆ ಜೋಳದ ಹಿಟ್ಟು ಮತ್ತು ಶೇಂಗಾ ಹಿಂಡಿ ಕಲಸಿದ ಉಂಡೆ ಅಥವಾ ಎರೆಹುಳು ಒಳ್ಳೆಯ ಎರೆ. ಕೊರವಕ್ಕೆ ಸಣ್ಣ ಮೀನು ಇಲ್ಲವೆ ಕಪ್ಪೆ ಬೇಕು. ಗಾಳದ ಬೆಂಡನ್ನು ಮೇಲೆ ಕೆಳಗೆ ಸರಿಸಿ, ಮೀನು ಎಷ್ಟು ಆಳದಲ್ಲಿ ಕಚ್ಚುತ್ತದೆಂದು ಪರೀಕ್ಷಿಸಿರಿ. ಬಲೆಯ ಕೆಲಸ ಬೆಳಗಿನ ತಂಪಿನಲ್ಲಿಯೇ ಆಗಲಿ. ಬಿಸಿಲಿನಲ್ಲಿ ಹಿಡಿದ ಮೀನು ಬೇಗ ಕೆಡುತ್ತದೆ. ಕಣ್ಣು ದೊಡ್ಡದಾದ ಬಲೆಯನ್ನೇ ಬಳಸಿದರೆ ಮರಿಗಳು ಪಾರಾಗುತ್ತವೆ. ಕೆರೆಯನ್ನು ಗುತ್ತಿಗೆಗೆ ಕೊಟ್ಟಿದ್ದರೆ ಅಪ್ಪಣೆ ಇಲ್ಲದೆ ಇಳಿಯಬಾರದು.

4. ಯಾವಾಗ ಹಿಡಿಯಬೇಕು?

ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದನ್ನು ಆಟವೆಂದು ತಿಳಿಯಬೇಡಿರಿ. ಅದು ಉಸಿರುಕಟ್ಟಿದ ಗುರುತು. ಆ ದಿನವೇ ಸಗಣಿ, ಹಿಂಡಿ ಹಾಕುವುದನ್ನು ನಿಲ್ಲಿಸಿರಿ. ಅನುಕೂಲವಿದ್ದರೆ ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ ಕೆರೆಗೇ ಬೀಳಿಸಿರಿ. ದೊಡ್ಡ ಮೀನುಗಳನ್ನು ಹಿಡಿದು ಮಾರಿದರೆ ಉಳಿದವಕ್ಕೆ ಉಸಿರು ಸಾಲುತ್ತದೆ. ನೀರು ಪೂರ್ತಿ ಬತ್ತಲಿ, ಆಗ ಕೈಯಿಂದಲೇ ಬಾಚಿಕೊಳ್ಳೋಣ ಎಂದು ಕಾಯುವವರಿಗೆ ಸತ್ತ ಮೀನೇ ಸಿಗುವುದು.

5. ಯಾವುದನ್ನು ಬಿಡಬೇಕು?

ಕಾಟ್ಲಾ, ರೋಹು, ಮೃಗಾಲ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಇಡುವುದಿಲ್ಲ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಗೆಂಡೆ ಜಾತಿಗಳನ್ನು ಮೊಟ್ಟೆಯಿಡಿಸಿ ತೋರಿಸಿದ ಮೇಲೆ, ಇವುಗಳ ಮರಿಗಳನ್ನು ಸಾಕಣೆ ಕೇಂದ್ರಗಳಲ್ಲಿಯೇ ಪಡೆಯುವಂತಾಯಿತು. ಬತ್ತುವ ಕೆರೆಯಿಂದ ಇವನ್ನು ಪೂರ್ತಿ ಹಿಡಿದರೂ ಮುಂದಿನ ಮಳೆಗೆ ಹೊಸ ಮರಿ ಬಿಡಬಹುದು.

ಕೊರವದ ಮಾತು ಬೇರೆ. ಅದು ಕೆರೆಯಲ್ಲಿಯೇ ಮರಿ ಮಾಡುತ್ತದೆ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡಲ್ಲಿ ತಾಯಿ ತಂದೆ ಕಾವಲಿರುತ್ತವೆ. ಅವನ್ನು ಹಿಡಿದರೆ ಗುಂಪಿಗೆ ಗುಂಪೇ ಇತರ ಮೀನಿನ ಪಾಲು. ಬೇಸಿಗೆಯಲ್ಲಿಯೂ ಒಂದು ಆಳದ ಗುಂಡಿಯಲ್ಲಿ ಕೆಲವು ದೊಡ್ಡ ಕೊರವಗಳನ್ನು ಬೀಜಕ್ಕೆಂದು ಉಳಿಸಿರಿ.

ವಿಷ ಬೆರೆಸುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಕಾಯಿದೆಯೇ ನಿಷೇಧಿಸಿತು. ವಿಷದ ನೀರನ್ನು ಕುಡಿಯುವುದು ನಮ್ಮ ದನಕರುಗಳೇ ಅಲ್ಲವೆ? ಮೀನಿಗೆ ಬಿಡುವು ಕೊಡುವುದು ಹೊಸ ಮಾತೇನೂ ಅಲ್ಲ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರಿದೆ. ಉತ್ತರ ದೇಶದಲ್ಲಿರುವ ಅದೇ ದೊರೆಯ ಐದನೆಯ ಸ್ತಂಭಶಾಸನವು ಕೆಲವು ಹುಣ್ಣಿಮೆಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸುತ್ತದೆ.

ಮಾಡಿ ನೋಡಿರಿ

(1) ಏಳು ದಿನ ನಸುಕಿನಲ್ಲಿ ನಿಮ್ಮೂರ ಕೆರೆಗೆ ಹೋಗಿ, ಮೀನು ಮೇಲೆ ಬರುತ್ತದೆಯೇ ಎಂದು ಗುರುತು ಹಾಕಿಕೊಳ್ಳಿರಿ. (2) ಗುರುತು ಮಾಡಿದ ಕೋಲನ್ನು ತೂಬಿನ ಬಳಿ ನಿಲ್ಲಿಸಿ, ವಾರಕ್ಕೆ ಎಷ್ಟು ನೀರು ಇಳಿಯಿತೆಂದು ಅಳೆಯಿರಿ. (3) ಈ ಎರಡನ್ನೂ ನೋಡಿ, ಹಿಡಿಯುವ ದಿನವನ್ನು ಊರವರು ಕೂಡಿ ಗೊತ್ತುಮಾಡಿರಿ.